ಅಳತೆಗೋಲು ಒಂದೇ ಇರಲಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಸಾಕುಪ್ರಾಣಿಗಳಲ್ಲಿ ಆಂಟಿಬಯಾಟಿಕ್ ನಿರೋಧಕತೆಯ ಪ್ರಾದೇಶಿಕ ಕಣ್ಗಾವಲಿನ ಬಗ್ಗೆ ಈ ಬಾರಿ ಪಶುವೈದ್ಯರು, ಪ್ರಯೋಗಾಲಯದವರು, ಕೋಳಿ ಮತ್ತು ಹೈನು ಸಾಕಣೆದಾರರು ಬರೆದಿದ್ದಾರೆ. ಪತ್ರಗಳು ಎಲ್ಲೆಲ್ಲೋ ಹೊರಟರೂ ಹೆಚ್ಚಿನವು ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತವೆ: ನಮ್ಮ ಅಂಕಿಗೂ ಪಕ್ಕದವರ ಅಂಕಿಗೂ ಏಕೆ ತಾಳೆಯಾಗುವುದಿಲ್ಲ?

ಪ್ರಶ್ನೆ: ರೋಗನಿರ್ಣಯ ಪ್ರಯೋಗಾಲಯಕ್ಕೆ ಸತ್ತ ಕೋಳಿ, ಕೆಚ್ಚಲು ಬಾವಿನ ಹಾಲು ದಿನವೂ ಬರುತ್ತವೆ. ಅವುಗಳ ಸೆನ್ಸಿಟಿವಿಟಿ ವರದಿಗಳು (ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ಪರೀಕ್ಷೆಯವು) ವರ್ಷಗಟ್ಟಲೆಯಿಂದ ಕಪಾಟಿನಲ್ಲಿ ಬಿದ್ದಿವೆ. ಅವನ್ನೇ ಕೂಡಿಸಿದರೆ ಪ್ರದೇಶದ ಚಿತ್ರ ಸಿಗುವುದಿಲ್ಲವೇ? ಆರೋಗ್ಯವಾಗಿರುವ ಪ್ರಾಣಿಯ ಕರುಳು ಹಿಡಿದು ಏಕೆ ಕೂರಬೇಕು? — ಒಬ್ಬ ಪಶುವೈದ್ಯಾಧಿಕಾರಿ

ಉತ್ತರ: ಚಿತ್ರವೇನೋ ಸಿಗುತ್ತದೆ, ಆದರೆ ಅದು ಸೋತ ಚಿಕಿತ್ಸೆಗಳ ಚಿತ್ರ. ಎರಡು ಮೂರು ಔಷಧ ಕೊಟ್ಟು ಗುಣ ಕಾಣದಿದ್ದಾಗಲೇ ಮಾದರಿ ಪ್ರಯೋಗಾಲಯಕ್ಕೆ ಬರುವುದು ಹೆಚ್ಚು. ಆ ಹೊತ್ತಿಗೆ ಔಷಧಕ್ಕೆ ಬಗ್ಗುವ ಬ್ಯಾಕ್ಟೀರಿಯಾ ಸತ್ತು, ಬಗ್ಗದವು ಉಳಿದಿರುತ್ತವೆ. ಮೊದಲ ಡೋಸಿಗೇ ಗುಣವಾದ ಹಿಂಡು ನಿಮ್ಮ ಕಪಾಟಿನಲ್ಲಿ ಇರುವುದೇ ಇಲ್ಲ. ಆ ವರದಿಗಳು ಚಿಕಿತ್ಸೆಗೆ ಔಷಧ ಆರಿಸಲು ಉಪಯುಕ್ತ. ಪ್ರದೇಶದಲ್ಲಿ ನಿರೋಧಕತೆ ಇಷ್ಟು ಶೇಕಡ ಎಂದು ಹೇಳಲು ಅವನ್ನು ಬಳಸಬೇಡಿ.

ಕಣ್ಗಾವಲಿಗೆ ಬೇಕಾದ್ದು ವಧೆಗೆ ಬಂದ ಆರೋಗ್ಯವಂತ ಪ್ರಾಣಿಯ ಕರುಳಿನಲ್ಲಿ ಸಹಜವಾಗಿ ಬದುಕಿರುವ ಬ್ಯಾಕ್ಟೀರಿಯಾ. ಇ. ಕೋಲೈ ಎಲ್ಲ ಜಾತಿಯ ಪ್ರಾಣಿಗಳಲ್ಲೂ ಇದೆ, ಹುಡುಕಿದರೆ ಬಹುತೇಕ ಪ್ರತಿ ಮಾದರಿಯಲ್ಲೂ ಸಿಗುತ್ತದೆ, ಆ ಹಿಂಡು ಬದುಕಿನುದ್ದಕ್ಕೂ ತಿಂದ ಔಷಧದ ಗುರುತು ಅದರ ಮೇಲೆ ಬಿದ್ದಿರುತ್ತದೆ. ಅದಕ್ಕೇ ಅದನ್ನು ಸೂಚಕ ಜೀವಿ ಎನ್ನುವುದು. ಗ್ರಾಂ ಪಾಸಿಟಿವ್ ಗುಂಪಿಗೆ ಎಂಟೆರೊಕಾಕಸ್ ಇದೇ ಕೆಲಸ ಮಾಡುತ್ತದೆ. ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್‌ಗಳನ್ನು ಸೇರಿಸುವುದು ಅವು ಆಹಾರದ ಮೂಲಕ ಮನುಷ್ಯರಿಗೆ ದಾಟುತ್ತವೆ ಎಂಬ ಕಾರಣಕ್ಕೆ. ಹಣ, ಕೈ ಎರಡೂ ಕಡಿಮೆಯಿದ್ದರೆ ಇ. ಕೋಲೈ ಒಂದನ್ನೇ ಹಿಡಿದು ಐದು ವರ್ಷ ಬಿಡದೆ ನಡೆಸಿ. ನಾಲ್ಕು ಜೀವಿಗಳನ್ನು ಒಟ್ಟಿಗೆ ಶುರುಮಾಡಿ ಎರಡನೇ ವರ್ಷ ಕೈಬಿಟ್ಟರೆ ಉಳಿಯುವುದು ಹಳೆಯ ಕಡತ ಮಾತ್ರ.

ಪ್ರಶ್ನೆ: ಒಂದೇ ವಧಾಗಾರದಲ್ಲಿ ಒಂದೇ ದಿನ 10 ಹಿಂಡುಗಳಿಂದ ತಲಾ 10 ಕೋಳಿ ಹಿಡಿದರೆ 100 ಮಾದರಿ ಆಗುತ್ತದೆ. ಮೂರು ದಿನ ಹೀಗೆ ಮಾಡಿದರೆ 300. ಇಷ್ಟು ಸಾಕೇ? — ಮಾದರಿ ಸಂಗ್ರಹದ ಹೊಣೆ ಹೊತ್ತವರು

ಉತ್ತರ: ಕಾಗದದ ಮೇಲೆ 300, ಮಾಹಿತಿಯ ಲೆಕ್ಕದಲ್ಲಿ ಅದರ ಕಾಲುಭಾಗದ ಆಸುಪಾಸು. ಒಂದೇ ಶೆಡ್ಡಿನ ಕೋಳಿಗಳು ಒಂದೇ ನೀರು ಕುಡಿದು, ಒಂದೇ ಹಾಸಿನ ಮೇಲೆ ಹಿಕ್ಕೆ ಹಾಕಿ ಅದನ್ನೇ ಕೆದರಿ ತಿನ್ನುತ್ತವೆ. ಅವುಗಳ ಕರುಳಿನ ಬ್ಯಾಕ್ಟೀರಿಯಾ ಒಂದೇ ಮನೆತನದವು. ಹಿಂಡಿನೊಳಗಿನ ಹೋಲಿಕೆಯ ಗುಣಾಂಕ 0.3 ಎಂದು ಹಿಡಿಯೋಣ. ಪ್ರತಿ ಹಿಂಡಿಗೆ 10 ಮಾದರಿಯಾದರೆ 1 + (10 − 1) × 0.3 = 3.7, ಅಂದರೆ ಇಷ್ಟು ಮಾದರಿ ಸೇರಿದರೆ ಒಂದು ಸ್ವತಂತ್ರ ಮಾದರಿಯಷ್ಟು ಮಾಹಿತಿ. ಈಗ 300ನ್ನು 3.7ರಿಂದ ಭಾಗಿಸಿದರೆ ಸುಮಾರು 81 ಸ್ವತಂತ್ರ ಮಾದರಿಗಳಷ್ಟು ಮಾಹಿತಿ.

ಆದ್ದರಿಂದ ನಿಯಮ ಸರಳ: ಒಂದು ಹಿಂಡು, ಒಂದು ಮಾದರಿ, ಒಂದು ಐಸೊಲೇಟ್ (ಮಾದರಿಯಿಂದ ಬೇರ್ಪಡಿಸಿ ಬೆಳೆಸಿದ ಒಂದು ಬ್ಯಾಕ್ಟೀರಿಯಾ ತಳಿ). ಹಿಂಡಿನ ಹತ್ತು ಕೋಳಿಗಳ ಸೀಕಂ ತೆಗೆದು ಒಳಗಿನದ್ದನ್ನು ಬೆರೆಸಿ ಒಂದೇ ಮಾದರಿ ಮಾಡಬಹುದು, ಆದರೆ ಅದನ್ನು ಎಣಿಸುವಾಗ ಒಂದೇ ಎಂದು ಎಣಿಸಿ. ಸೀಕಂ ಎಂದರೆ ಸಣ್ಣ ಮತ್ತು ದೊಡ್ಡ ಕರುಳು ಕೂಡುವಲ್ಲಿ ಜೋಡಿಯಾಗಿ ನೇತಾಡುವ ಕುರುಡುಗರುಳು. ಅದನ್ನು ಹರಿಯದಂತೆ ಇಡಿಯಾಗಿ ಕಿತ್ತು ಸ್ಟೆರೈಲ್ ಚೀಲಕ್ಕೆ ಹಾಕಬೇಕು. ಹರಿದದ್ದು, ನೆಲಕ್ಕೆ ಬಿದ್ದದ್ದು ಬೇಡ. ವಧಾಗಾರದ ನೆಲದಲ್ಲಿ ಬೆಳಗ್ಗಿನಿಂದ ಕೊಯ್ದ ಎಲ್ಲ ಹಿಂಡುಗಳ ಬ್ಯಾಕ್ಟೀರಿಯಾ ಕಲಸಿಹೋಗಿರುತ್ತದೆ. ಹಿಂಡು ಬದಲಾದಾಗ ಕೈಗವಸೂ ಬದಲಾಗಬೇಕು. ಅವಸರದಲ್ಲಿ ಮೊದಲು ಮರೆಯುವುದು ಇದನ್ನೇ.

ಇನ್ನು ಸಂಖ್ಯೆಯ ಮಾತು. ನಿರೋಧಕತೆ 50% ಆಸುಪಾಸು ಇದ್ದು, ±5 ಅಂಶದ ನಿಖರತೆ 95% ಭರವಸೆಯೊಂದಿಗೆ ಬೇಕಾದರೆ 385 ಐಸೊಲೇಟ್ ಬೇಕು. ±10 ಸಾಕೆಂದರೆ 97. ಯುರೋಪಿಯನ್ ಒಕ್ಕೂಟದ ನಿಯಮ ಪ್ರತಿ ಜಾತಿಯ ಪ್ರಾಣಿಗೆ 170 ಇ. ಕೋಲೈ ಕೇಳುತ್ತದೆ. ಅದು ±8ರ ಹತ್ತಿರ ಬರುತ್ತದೆ, ದುಡ್ಡಿಗೂ ನಿಖರತೆಗೂ ನಡುವಿನ ರಾಜಿ. ಒಂದು ಜೀವಿ ಅಥವಾ ಜೀನ್ ಪ್ರದೇಶದಲ್ಲಿ ಕಾಲಿಟ್ಟಿದೆಯೇ ಎಂದಷ್ಟೇ ತಿಳಿಯಬೇಕಾದರೆ ಲೆಕ್ಕವೇ ಬೇರೆ. 300 ಹಿಂಡು ನೋಡಿ ಒಂದರಲ್ಲೂ ಸಿಗದಿದ್ದರೆ, ಅದರ ಪ್ರಮಾಣ 1%ಕ್ಕಿಂತ ಕಡಿಮೆ ಎಂದು 95% ಧೈರ್ಯದಿಂದ ಹೇಳಬಹುದು. ಇಲ್ಲವೇ ಇಲ್ಲ ಎಂದು ಹೇಳಲು ಬರುವುದಿಲ್ಲ.

ಮೂರು ದಿನದಲ್ಲಿ ಎಲ್ಲ ಮುಗಿಸುವ ಆಸೆಯನ್ನೂ ಬಿಡಿ. ಋತುವಿಗೆ ತಕ್ಕಂತೆ ಕಾಯಿಲೆ ಬದಲಾಗುತ್ತದೆ, ಔಷಧವೂ ಬದಲಾಗುತ್ತದೆ. ವರ್ಷದ ಹನ್ನೆರಡು ತಿಂಗಳಿಗೆ ಹಂಚಿ. ಪ್ರತಿ ವಧಾಗಾರದಿಂದ ಎಷ್ಟು ಎಂಬುದು ಅಲ್ಲಿ ಕೊಯ್ಯುವ ಪ್ರಾಣಿಗಳ ಸಂಖ್ಯೆಗೆ ಅನುಗುಣವಾಗಿರಲಿ.

ಪ್ರಶ್ನೆ: ಕಳೆದ ವರ್ಷ 170ರಲ್ಲಿ 34 ನಿರೋಧಕ, ಈ ವರ್ಷ 170ರಲ್ಲಿ 43. ಏರಿಕೆ ಎಂದು ವರದಿ ಬರೆಯಬಹುದೇ? — ದತ್ತಾಂಶ ವಿಭಾಗದ ಓದುಗರು

ಉತ್ತರ: ಬೇಡ. 34 ಎಂದರೆ 20%, ಆದರೆ ನಿಜವಾದ ಮೌಲ್ಯ ಸುಮಾರು 15ರಿಂದ 27ರವರೆಗೆ ಎಲ್ಲಿ ಬೇಕಾದರೂ ಇರಬಹುದು. 43 ಎಂದರೆ 25%, ಅದೂ ಆ ವ್ಯಾಪ್ತಿಯೊಳಗೇ ಬರುತ್ತದೆ. ಈ ಗಾತ್ರದ ಮಾದರಿಯಲ್ಲಿ 50%ರ ಸುತ್ತ 15 ಅಂಶದಷ್ಟು ಬದಲಾವಣೆಯಾದರೆ ಮಾತ್ರ ಎರಡು ವರ್ಷದ ಹೋಲಿಕೆಯಲ್ಲಿ ಗುರುತಿಸುವ ಸಾಧ್ಯತೆ 80% ಇದೆ. ನಾಲ್ಕೈದು ವರ್ಷದ ಸಾಲು ಸಿಕ್ಕಮೇಲೆ ಪ್ರವೃತ್ತಿಯ ಮಾತಾಡಿ.

ಪ್ರಶ್ನೆ: ನಮ್ಮದೂ ಡಿಸ್ಕ್ ವಿಧಾನ (ಬ್ಯಾಕ್ಟೀರಿಯಾ ಬಳಿದ ಪ್ಲೇಟಿನ ಮೇಲೆ ಔಷಧದ ಬಿಲ್ಲೆ ಇಟ್ಟು, ಅದರ ಸುತ್ತ ಬೆಳವಣಿಗೆ ಇಲ್ಲದ ವಲಯ ಅಳೆಯುವುದು), ನೆರೆಯ ಪ್ರದೇಶದ ಪ್ರಯೋಗಾಲಯದ್ದೂ ಡಿಸ್ಕ್ ವಿಧಾನ. ಆದರೂ ಸಿಪ್ರೊಫ್ಲಾಕ್ಸಾಸಿನ್‌ಗೆ ನಿರೋಧಕತೆ ನಮ್ಮಲ್ಲಿ ಅವರದಕ್ಕಿಂತ ಎರಡರಷ್ಟು ಬರುತ್ತದೆ. ಕೋಳಿ, ಮೇವು, ಔಷಧ ಎಲ್ಲ ಹೆಚ್ಚುಕಡಿಮೆ ಒಂದೇ. ತಪ್ಪು ಯಾರದು? — ಸೂಕ್ಷ್ಮಜೀವಿ ಪ್ರಯೋಗಾಲಯದ ತಂತ್ರಜ್ಞೆ

ಉತ್ತರ: ಯಾರದೂ ಅಲ್ಲದಿರಬಹುದು. ಮೊದಲು ನೋಡಬೇಕಾದ್ದು ಪ್ಲೇಟನ್ನಲ್ಲ, ಗೆರೆ ಎಲ್ಲಿ ಎಳೆದಿದ್ದೀರಿ ಎಂಬುದನ್ನು. ಇ. ಕೋಲೈಗೆ ಸಿಪ್ರೊಫ್ಲಾಕ್ಸಾಸಿನ್‌ನ ಎರಡು ಗೆರೆಗಳಿವೆ. ಒಂದು ಎಪಿಡೆಮಿಯಾಲಜಿಕಲ್ ಕಟ್‌ಆಫ್: ಎಂಐಸಿ (ಬೆಳವಣಿಗೆ ತಡೆಯಲು ಬೇಕಾದ ಔಷಧದ ಕನಿಷ್ಠ ಸಾಂದ್ರತೆ) 0.06 ಮಿ.ಗ್ರಾಂ/ಲೀ. ದಾಟಿದರೆ ಆ ಬ್ಯಾಕ್ಟೀರಿಯಾ ತನ್ನ ಹುಟ್ಟುಗುಣ ಕಳೆದುಕೊಂಡು ಏನೋ ಗಳಿಸಿಕೊಂಡಿದೆ ಎಂದರ್ಥ. ಇನ್ನೊಂದು ಚಿಕಿತ್ಸೆಯ ಬ್ರೇಕ್‌ಪಾಯಿಂಟ್: 0.25ರವರೆಗೆ ಔಷಧ ಕೆಲಸ ಮಾಡುತ್ತದೆ ಎನ್ನುತ್ತದೆ ಅದು. ಈಗ ಎಂಐಸಿ 0.25 ಇರುವ ಒಂದು ಐಸೊಲೇಟ್ ತೆಗೆದುಕೊಳ್ಳಿ. ಅದರ ಗೈರೇಸ್ ಜೀನಿನಲ್ಲಿ ಒಂದು ಬದಲಾವಣೆ ಆಗಿರುತ್ತದೆ, ಇಲ್ಲವೇ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾಗಳ ನಡುವೆ ದಾಟಬಲ್ಲ ಡಿಎನ್‌ಎ ಬಳೆ) ಮೇಲೆ ಕ್ಯೂಎನ್‌ಆರ್ ಜೀನ್ ಬಂದು ಕೂತಿರುತ್ತದೆ. ನೀವು ಮೊದಲ ಗೆರೆ ಬಳಸಿದರೆ ಅದು ನಿರೋಧಕರ ಪಟ್ಟಿಗೆ, ಅವರು ಎರಡನೆಯದನ್ನು ಬಳಸಿದರೆ ಸಂವೇದನಶೀಲರ ಪಟ್ಟಿಗೆ ಹೋಗುತ್ತದೆ. ಕೋಳಿಯ ಇ. ಕೋಲೈಗಳಲ್ಲಿ ಈ ನಡುವಿನ ಪಟ್ಟಿಗೆ ಸೇರುವವು ಬಹಳ. ಎರಡು ಪಟ್ಟು ವ್ಯತ್ಯಾಸಕ್ಕೆ ಇದೊಂದೇ ಸಾಕು. ಕಣ್ಗಾವಲಿಗೆ ಮೊದಲ ಗೆರೆಯೇ ಸರಿ. ಚಿಕಿತ್ಸೆ ಕೈಕೊಡುವ ಎಷ್ಟೋ ವರ್ಷ ಮುಂಚೆ ಅದು ಎಚ್ಚರಿಸುತ್ತದೆ.

ಎರಡನೆಯದು ಡಿಸ್ಕ್. ಯುರೋಪಿನ ಯೂಕ್ಯಾಸ್ಟ್ ಪದ್ಧತಿಯ ಸೆಫೊಟ್ಯಾಕ್ಸಿಮ್ ಡಿಸ್ಕಿನಲ್ಲಿ 5 ಮೈಕ್ರೋಗ್ರಾಂ ಔಷಧ, ಅಮೆರಿಕದ ಸಿಎಲ್‌ಎಸ್‌ಐ ಪದ್ಧತಿಯದರಲ್ಲಿ 30. ಒಂದು ಪದ್ಧತಿಯ ಡಿಸ್ಕಿಟ್ಟು ಇನ್ನೊಂದರ ಕೋಷ್ಟಕ ನೋಡಿ ಓದುವುದು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ನಡೆಯುತ್ತದೆ. ಡಬ್ಬಿಯ ಮೇಲಿನ ಸಂಖ್ಯೆ ಓದಿ.

ಗೆರೆಯೂ ಡಿಸ್ಕೂ ಒಂದೇ ಆಗಿದ್ದು ಅಂಕಿ ಬೇರೆಯಾದರೆ ಆಗ ಪ್ಲೇಟಿಗೆ ಬನ್ನಿ. ಮುಲ್ಲರ್-ಹಿಂಟನ್ ಅಗಾರ್ 4 ಮಿ.ಮೀ. ದಪ್ಪ ಇರಬೇಕು, ಅಂದರೆ 90 ಮಿ.ಮೀ. ಪ್ಲೇಟಿಗೆ ಸುಮಾರು 25 ಮಿ.ಲೀ. ಅಗಾರ್ ಉಳಿಸಲೆಂದು 18 ಮಿ.ಲೀ. ಹಾಕಿದರೆ ಪದರ ತೆಳುವಾಗಿ, ಔಷಧ ಕೆಳಕ್ಕಿಳಿಯಲು ಜಾಗವಿಲ್ಲದೆ ಪಕ್ಕಕ್ಕೆ ಹರಿದು ವಲಯ ಹಿಗ್ಗುತ್ತದೆ, ನಿರೋಧಕ ಬ್ಯಾಕ್ಟೀರಿಯಾ ಒಳ್ಳೆಯದರಂತೆ ಕಾಣುತ್ತದೆ. ಓರೆ ಮೇಜಿನ ಮೇಲೆ ಸುರಿದ ಪ್ಲೇಟಿನಲ್ಲಿ ಒಂದೇ ಡಿಸ್ಕಿನ ವಲಯ ಒಂದು ಬದಿಗೆ ದೊಡ್ಡದು, ಇನ್ನೊಂದು ಬದಿಗೆ ಚಿಕ್ಕದು. ಅಗಾರ್ ಗಟ್ಟಿಯಾದ ಮೇಲೆ ಸ್ಕೇಲು ಇಟ್ಟು ಅಳೆಯುವ ಅಭ್ಯಾಸ ಮಾಡಿಕೊಳ್ಳಿ. ಪಿಎಚ್ 7.2ರಿಂದ 7.4ರ ಒಳಗಿರಲಿ. ಇಳಿದರೆ ಜೆಂಟಾಮೈಸಿನ್ ವಲಯ ಕುಗ್ಗಿ ಟೆಟ್ರಾಸೈಕ್ಲಿನ್ ವಲಯ ಹಿಗ್ಗುತ್ತದೆ. ಈ ಎರಡು ಔಷಧಗಳು ವಿರುದ್ಧ ದಿಕ್ಕಿಗೆ ಓಡಿದ್ದು ಕಂಡರೆ ಮೊದಲ ಅನುಮಾನ ಪಿಎಚ್ ಮೇಲೆ.

ಬ್ಯಾಕ್ಟೀರಿಯಾದ ದ್ರಾವಣ 0.5 ಮ್ಯಾಕ್‌ಫಾರ್ಲ್ಯಾಂಡ್ ಮಟ್ಟಕ್ಕೆ ಇರಬೇಕು, ಮಿ.ಲೀ.ಗೆ 1ರಿಂದ 2 × 10⁸ ಜೀವಿಗಳು. ಕಣ್ಣಂದಾಜಿನಲ್ಲಿ ಮಾಡುವವರ ಕೈ ಸಾಮಾನ್ಯವಾಗಿ ದಪ್ಪಕ್ಕೆ ಜಾರುತ್ತದೆ. ದಪ್ಪವಾದರೆ ವಲಯ ಕುಗ್ಗಿ ಸುಳ್ಳು ನಿರೋಧಕತೆ ಬರುತ್ತದೆ. ಹೋಲಿಕೆಗೆ ಇಟ್ಟ ಬೇರಿಯಂ ಸಲ್ಫೇಟ್ ಕೊಳವೆಯನ್ನು ಬಳಸುವ ಮುನ್ನ ಚೆನ್ನಾಗಿ ಕಲಕಿ, ತಳದಲ್ಲಿ ಕೂತ ಬಿಳಿ ಪುಡಿ ಮೇಲೇಳದಿದ್ದರೆ ಹೋಲಿಕೆಯೇ ತಪ್ಪು. ಆಮೇಲೆ ಹದಿನೈದರ ಲೆಕ್ಕ: ದ್ರಾವಣ ಮಾಡಿದ 15 ನಿಮಿಷದೊಳಗೆ ಬಳಿಯಿರಿ, ಬಳಿದ 15 ನಿಮಿಷದೊಳಗೆ ಡಿಸ್ಕ್ ಇಡಿ, ಇಟ್ಟ 15 ನಿಮಿಷದೊಳಗೆ 35 ಡಿಗ್ರಿಯ ಇನ್‌ಕ್ಯುಬೇಟರ್ ಸೇರಿಸಿ. ಡಿಸ್ಕ್ ಇಟ್ಟ 40 ಪ್ಲೇಟುಗಳನ್ನು ಸಾಲಾಗಿ ಬಿಟ್ಟು ಊಟಕ್ಕೆ ಎದ್ದುಹೋದರೆ ಬ್ಯಾಕ್ಟೀರಿಯಾ ಬೆಳೆಯುವ ಮೊದಲೇ ಔಷಧ ಹರಡಿಕೊಂಡು ವಲಯ ದೊಡ್ಡದಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಡಿಸ್ಕ್ ಡಬ್ಬಿಯನ್ನು ಕೋಣೆಯ ಬಿಸಿಗೆ ಬರುವ ಮುನ್ನ ತೆರೆಯಬಾರದು. ಒಳಗೆ ಬೆವರು ಕಟ್ಟಿದರೆ ಮೊದಲು ಕೆಡುವುದು ಆಂಪಿಸಿಲಿನ್‌ನಂಥವು.

ಓದುವಾಗ ಒಂದು ಮಾತು. ಟ್ರೈಮೆಥೊಪ್ರಿಮ್-ಸಲ್ಫಾ ಡಿಸ್ಕಿನ ಸುತ್ತ ಮಂಜು ಮುಸುಕಿದಂಥ ತೆಳು ಬೆಳವಣಿಗೆ ಕಾಣುತ್ತದೆ. ಅದನ್ನು ಬಿಟ್ಟು ಸ್ಪಷ್ಟ ಅಂಚಿನವರೆಗೆ ಅಳೆಯಿರಿ. ಆದರೆ ಸಿಪ್ರೊಫ್ಲಾಕ್ಸಾಸಿನ್ ವಲಯದೊಳಗೆ ಒಂಟಿ ಕಾಲೊನಿಗಳು ನಿಂತಿದ್ದರೆ ಅವನ್ನು ಬಿಡಬೇಡಿ. ಎತ್ತಿ ಶುದ್ಧ ಮಾಡಿ ಮತ್ತೆ ಪರೀಕ್ಷಿಸಿ.

ಇಷ್ಟೆಲ್ಲ ಸರಿಯಿದೆಯೇ ಎಂದು ಹೇಳುವ ಸಾಕ್ಷಿ, ಎಲ್ಲೆಡೆ ಬಳಸುವ ಪ್ರಮಾಣಿತ ತಳಿ ಇ. ಕೋಲೈ ಎಟಿಸಿಸಿ 25922. ಯೂಕ್ಯಾಸ್ಟ್ ಡಿಸ್ಕ್‌ಗಳಲ್ಲಿ ಅದರ ವಲಯ ಸಿಪ್ರೊಫ್ಲಾಕ್ಸಾಸಿನ್‌ಗೆ 29–37, ಜೆಂಟಾಮೈಸಿನ್‌ಗೆ 19–26, ಆಂಪಿಸಿಲಿನ್‌ಗೆ 15–22, ಸೆಫೊಟ್ಯಾಕ್ಸಿಮ್‌ಗೆ 25–31 ಮಿ.ಮೀ. ಒಳಗೆ ಬರಬೇಕು. 20 ಸಲದಲ್ಲಿ ಒಂದೆರಡು ಬಿಡಿಬಿಡಿಯಾಗಿ ಹೊರಬಿದ್ದರೆ ಗಾಬರಿ ಬೇಡ. ಬೆನ್ನುಬೆನ್ನಿಗೆ ಎರಡು ಹೊರಬಿದ್ದರೆ ಅಂದಿನ ಫಲಿತಾಂಶ ತಡೆಹಿಡಿದು ಕಾರಣ ಹುಡುಕಿ. ಎಲ್ಲವೂ ಮಿತಿಯೊಳಗೇ ಇದ್ದರೂ ಸತತವಾಗಿ ಒಂದೇ ಬದಿಗೆ ವಾಲುತ್ತಿದ್ದರೆ ಏನೋ ಜಾರುತ್ತಿದೆ ಎಂದೇ ಅರ್ಥ. ನೀವೂ ನೆರೆಯವರೂ ಇದೇ ತಳಿಯ ಕಳೆದ 20 ಓದುಗಳನ್ನು ಅದಲುಬದಲು ಮಾಡಿಕೊಳ್ಳಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಳಿದರ್ಧಕ್ಕೆ ಹತ್ತು ಐಸೊಲೇಟ್‌ಗಳಿಗೆ ಗುಪ್ತ ಸಂಖ್ಯೆ ಕೊಟ್ಟು ಎರಡೂ ಕಡೆ ಪರೀಕ್ಷಿಸಿ.

ಪ್ರಶ್ನೆ: ಕೊಲಿಸ್ಟಿನ್‌ಗೂ ಡಿಸ್ಕ್ ಸಿಗುತ್ತದೆ. ಹಾಕಬಹುದೇ? — ಅದೇ ತಂತ್ರಜ್ಞೆ

ಉತ್ತರ: ಹಾಕಬೇಡಿ. ಕೊಲಿಸ್ಟಿನ್ ದೊಡ್ಡ ಅಣು, ಅಗಾರಿನಲ್ಲಿ ತೆವಳುತ್ತದೆಯೇ ಹೊರತು ಹರಿಯುವುದಿಲ್ಲ. ನಿರೋಧಕ ತಳಿಗೂ ಸಂವೇದನಶೀಲ ತಳಿಗೂ ವಲಯದಲ್ಲಿ ಒಂದೆರಡು ಮಿ.ಮೀ. ವ್ಯತ್ಯಾಸವೂ ಸಿಗದೆ ಹೋಗಬಹುದು. ಇದಕ್ಕೆ ಸರಿಯಾದ ದಾರಿ ಬ್ರಾತ್ ಮೈಕ್ರೊಡೈಲ್ಯೂಷನ್: ತಟ್ಟೆಯ ಗುಂಡಿಗಳಲ್ಲಿ ಔಷಧವನ್ನು ಹಂತಹಂತವಾಗಿ ತೆಳುಮಾಡಿ, ಎಲ್ಲಿ ಬೆಳವಣಿಗೆ ನಿಲ್ಲುತ್ತದೆ ಎಂದು ನೋಡುವುದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊಂದಿಸಿದ ಮುಲ್ಲರ್-ಹಿಂಟನ್ ಬ್ರಾತ್, ಏನೂ ಲೇಪನವಿಲ್ಲದ ಪಾಲಿಸ್ಟೈರೀನ್ ತಟ್ಟೆ, ಕೊಲಿಸ್ಟಿನ್ ಸಲ್ಫೇಟ್ ಪುಡಿ. ಮೆಥೇನ್‌ಸಲ್ಫೊನೇಟ್ ರೂಪ ಬೇಡ, ಅದು ದ್ರಾವಣದಲ್ಲಿ ನಿಧಾನವಾಗಿ ಕೊಲಿಸ್ಟಿನ್ ಆಗುವ ವಸ್ತು, ಅಂಕಿ ದಿಕ್ಕು ತಪ್ಪಿಸುತ್ತದೆ. ಅಣು ಪ್ಲಾಸ್ಟಿಕ್ಕಿಗೆ ಅಂಟುತ್ತದೆಂದು ಪಾಲಿಸಾರ್ಬೇಟ್ ಸೇರಿಸುವವರಿದ್ದಾರೆ, ಅದೂ ಬೇಡ. 0.5 ಮ್ಯಾಕ್‌ಫಾರ್ಲ್ಯಾಂಡ್ ದ್ರಾವಣದ 50 ಮೈಕ್ರೋಲೀಟರನ್ನು 10 ಮಿ.ಲೀ. ಬ್ರಾತಿಗೆ ಹಾಕಿದರೆ ಬೇಕಾದ ಮಿ.ಲೀ.ಗೆ 5 × 10⁵ ಜೀವಿಗಳು ಸಿಗುತ್ತವೆ. ಎಂಐಸಿ 2 ಮಿ.ಗ್ರಾಂ/ಲೀ. ದಾಟಿದ ಇ. ಕೋಲೈ ನಿರೋಧಕ. ನಿಯಂತ್ರಣಕ್ಕೆ 25922 ಒಂದೇ ಸಾಲದು, ಅದು ಸಂವೇದನಶೀಲ. ಕೊಲಿಸ್ಟಿನ್ ನಿರೋಧಕತೆ ತರುವ ಎಂಸಿಆರ್-1 ಜೀನ್ ಇರುವ ಎನ್‌ಸಿಟಿಸಿ 13846 ಜೊತೆಗಿರಲಿ, ಅದಕ್ಕೆ 4 ಬರಬೇಕು. ನಡುವೆ ಒಂದು ಗುಂಡಿ ಖಾಲಿ, ಅದರಾಚೆ ಮತ್ತೆ ಬೆಳವಣಿಗೆ ಕಂಡರೆ ಊಹಿಸಿ ಬರೆಯದೆ ಪರೀಕ್ಷೆ ಮತ್ತೆ ಮಾಡಿ.

ಇಷ್ಟು ಪಾಡು ಏಕೆಂದರೆ ಎಂಸಿಆರ್-1 ಬೆಳಕಿಗೆ ಬಂದದ್ದೇ ಇಂಥ ಕಣ್ಗಾವಲಿನಿಂದ. ಚೀನಾದಲ್ಲಿ ಆಹಾರಕ್ಕೆ ಸಾಕಿದ ಪ್ರಾಣಿಗಳ ಇ. ಕೋಲೈಗಳನ್ನು ವಾಡಿಕೆಯಂತೆ ನೋಡುತ್ತಿದ್ದಾಗ ಕೊಲಿಸ್ಟಿನ್ ನಿರೋಧಕತೆ ಏರುತ್ತಿರುವುದು ಕಂಡಿತು. ಹಂದಿಯಿಂದ ಸಿಕ್ಕ ತಳಿಯಲ್ಲಿ ಆ ಜೀನ್ ಪ್ಲಾಸ್ಮಿಡ್ ಮೇಲಿತ್ತು, ಅಂದರೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದಾಗಿತ್ತು. 2015ರ ನವೆಂಬರಿನಲ್ಲಿ ಇದು ಪ್ರಕಟವಾಯಿತು. 2017ರಲ್ಲಿ ಚೀನಾ ಕೊಲಿಸ್ಟಿನ್ನನ್ನು ಬೆಳವಣಿಗೆಯ ಪೂರಕವಾಗಿ ಮೇವಿಗೆ ಬೆರೆಸುವುದನ್ನು ನಿಲ್ಲಿಸಿತು, ಹಂದಿ ಕೋಳಿಗಳ ಇ. ಕೋಲೈಗಳಲ್ಲಿ ನಿರೋಧಕತೆ ಗಣನೀಯವಾಗಿ ಇಳಿಯಿತು. 2019ರಲ್ಲಿ ಭಾರತ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಸುವುದನ್ನು ನಿಷೇಧಿಸಿತು.

ಪ್ರಶ್ನೆ: ಒಂದು ವರದಿ ಇಎಸ್‌ಬಿಎಲ್ (ಸೆಫೊಟ್ಯಾಕ್ಸಿಮ್‌ನಂಥ ಔಷಧ ಒಡೆಯುವ ಕಿಣ್ವ) ಇರುವ ಇ. ಕೋಲೈ ಅರ್ಧಕ್ಕಿಂತ ಹೆಚ್ಚು ಹಿಂಡುಗಳಲ್ಲಿದೆ ಎನ್ನುತ್ತದೆ. ಅದೇ ಪ್ರದೇಶದ ಇನ್ನೊಂದು ವರದಿ ಸೆಫೊಟ್ಯಾಕ್ಸಿಮ್ ನಿರೋಧಕತೆ ನೂರಕ್ಕೆ ಒಂದೆರಡು ಎನ್ನುತ್ತದೆ. ಯಾವುದನ್ನು ನಂಬಲಿ? — ಪಶುಸಂಗೋಪನೆ ವಿದ್ಯಾರ್ಥಿ

ಉತ್ತರ: ಎರಡನ್ನೂ. ಅವು ಬೇರೆ ಬೇರೆ ಪ್ರಶ್ನೆಗೆ ಉತ್ತರ. ಎರಡನೆಯ ವರದಿಯವರು ಔಷಧವಿಲ್ಲದ ಮ್ಯಾಕ್‌ಕಾಂಕಿ ಪ್ಲೇಟಿನಲ್ಲಿ ಬೆಳೆಸಿ, ಸಿಕ್ಕ ಇ. ಕೋಲೈ ಒಂದನ್ನು ಎತ್ತಿ ಪರೀಕ್ಷಿಸಿದ್ದಾರೆ. ಅದು ಜಾತ್ರೆಯಲ್ಲಿ ಕಣ್ಣುಮುಚ್ಚಿ ಒಬ್ಬರ ಕೈ ಹಿಡಿದಂತೆ. ಮೊದಲನೆಯವರು 1 ಗ್ರಾಂ ಸೀಕಂ ಒಳಗಿನದ್ದನ್ನು 9 ಮಿ.ಲೀ. ಬಫರ್ಡ್ ಪೆಪ್ಟೋನ್ ನೀರಿನಲ್ಲಿ 37 ಡಿಗ್ರಿಯಲ್ಲಿ 18ರಿಂದ 22 ಗಂಟೆ ಬೆಳೆಸಿ, ಲೀಟರಿಗೆ 1 ಮಿ.ಗ್ರಾಂ ಸೆಫೊಟ್ಯಾಕ್ಸಿಮ್ ಬೆರೆಸಿದ ಮ್ಯಾಕ್‌ಕಾಂಕಿ ಮೇಲೆ 10 ಮೈಕ್ರೋಲೀಟರ್ ಎಳೆದಿದ್ದಾರೆ. ಆ ಪ್ಲೇಟಿನಲ್ಲಿ ನಿರೋಧಕವಲ್ಲದ್ದು ಬದುಕುವುದೇ ಇಲ್ಲ, ಲಕ್ಷದಲ್ಲಿ ಒಂದಿದ್ದರೂ ಎದ್ದು ಕೂರುತ್ತದೆ. ಅದು ಜಾತ್ರೆಯಲ್ಲಿ ಹೆಸರು ಕೂಗಿ ಕರೆದಂತೆ. ಮೊದಲನೆಯದು ಎಷ್ಟು ಹಿಂಡುಗಳಿಗೆ ತಗಲಿದೆ ಎಂದು ಹೇಳುತ್ತದೆ, ಎರಡನೆಯದು ಕರುಳಿನೊಳಗೆ ಅದರ ಪಾಲು ಎಷ್ಟು ಎಂದು. ಒಂದೇ ನಕ್ಷೆಯಲ್ಲಿ ಎರಡನ್ನೂ ಎಳೆದವರು ಓದುಗರನ್ನು ದಾರಿ ತಪ್ಪಿಸುತ್ತಿದ್ದಾರೆ.

ಪ್ರಶ್ನೆ: ಒಂದು ಪ್ಲೇಟಿನಲ್ಲಿ ಎಷ್ಟು ಕಾಲೊನಿ ಎತ್ತಬೇಕು?

ಉತ್ತರ: ಒಂದು. ಯಾವುದನ್ನು ಎತ್ತಬೇಕೆಂಬ ನಿಯಮ ಮೊದಲೇ ಬರೆದಿಡಿ, ಉದಾಹರಣೆಗೆ ಎಳೆದ ಗೆರೆಯ ಕೊನೆಗೆ ಬಿಡಿಯಾಗಿ ನಿಂತ ಗುಲಾಬಿ ಕಾಲೊನಿ. ದೊಡ್ಡದನ್ನು, ಚೆಂದದ್ದನ್ನು ಆರಿಸುವುದು ಬೇಡ. ಲೋಳೆಯಾಗಿರುವುದು ಕ್ಲೆಬ್ಸಿಯೆಲ್ಲಾ ಇರಬಹುದು, ಇಂಡೋಲ್ ಪರೀಕ್ಷೆ ಮಾಡದೆ ಇ. ಕೋಲೈ ಎಂದು ಬರೆಯಬೇಡಿ.

ಪ್ರಶ್ನೆ: ವಧಾಗಾರದಿಂದ ಪ್ರಯೋಗಾಲಯಕ್ಕೆ ಒಂದು ದಿನದ ಹಾದಿ. ಮಾದರಿಯನ್ನು ಫ್ರೀಜ್ ಮಾಡಿ ಕಳಿಸಿದರೆ ಸುಲಭವಲ್ಲವೇ? — ಮಾದರಿ ಸಾಗಿಸುವವರು

ಉತ್ತರ: ಸುಲಭ, ಆದರೆ ಹಿಮ ಕಟ್ಟುವಾಗಲೂ ಕರಗುವಾಗಲೂ ಬ್ಯಾಕ್ಟೀರಿಯಾ ಸಾಯುತ್ತದೆ, ಎಲ್ಲ ತಳಿಗಳೂ ಒಂದೇ ಪ್ರಮಾಣದಲ್ಲಿ ಸಾಯುವುದಿಲ್ಲ. 2ರಿಂದ 8 ಡಿಗ್ರಿಯಲ್ಲಿ, ಐಸ್‌ಪ್ಯಾಕಿಗೆ ನೇರ ತಾಗದಂತೆ ನಡುವೆ ರಟ್ಟು ಇಟ್ಟು ಕಳಿಸಿ. ಪೆಟ್ಟಿಗೆಯ ಮುಚ್ಚಳಕ್ಕಲ್ಲ, ಮಾದರಿಗಳ ನಡುವೆ ತಾಪಮಾಪಕ ಇರಲಿ. 48 ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು. ಕ್ಯಾಂಪಿಲೊಬ್ಯಾಕ್ಟರ್ ಇನ್ನೂ ನಾಜೂಕು, ಗಾಳಿ ಮತ್ತು ಒಣಗುವಿಕೆ ಎರಡಕ್ಕೂ ಸಾಯುತ್ತದೆ. ಅದಕ್ಕೆ ಕ್ಯಾರಿ-ಬ್ಲೇರ್ ಮಾಧ್ಯಮದ ಸ್ವಾಬ್ ಬೇಕು. ಚೀಟಿಯ ಮೇಲೆ ಹಿಂಡಿನ ಸಂಕೇತ, ವಯಸ್ಸು, ದಿನಾಂಕ, ಕೊನೆಯದಾಗಿ ಕೊಟ್ಟ ಔಷಧ ಬರೆಯಿರಿ. ಸಾಕಣೆದಾರರ ಹೆಸರು ಬೇಡ. ಹೆಸರು ಬರೆದ ಪೆಟ್ಟಿಗೆ ಒಂದು ಸಲ ಹೊರಟರೆ ಮುಂದಿನ ವರ್ಷ ಬಾಗಿಲು ತೆರೆಯುವವರು ಯಾರೂ ಇರುವುದಿಲ್ಲ.

ಪ್ರಶ್ನೆ: ಎರಡು ವರ್ಷದಿಂದ ನಮ್ಮ ಶೆಡ್ಡಿನಲ್ಲಿ ಟೆಟ್ರಾಸೈಕ್ಲಿನ್ ಒಂದು ಚಮಚವೂ ಬಳಸಿಲ್ಲ. ಆದರೂ ವರದಿಯಲ್ಲಿ ಟೆಟ್ರಾಸೈಕ್ಲಿನ್ ನಿರೋಧಕ ಎಂದೇ ಬರುತ್ತದೆ. ಹಾಗಾದರೆ ನಿಲ್ಲಿಸಿ ಏನು ಬಂತು? — ಬ್ರಾಯ್ಲರ್ ಸಾಕಣೆದಾರ

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ನಿರೋಧಕ ಜೀನ್‌ಗಳು ಒಂಟಿಯಾಗಿ ಓಡಾಡುವುದು ಕಡಿಮೆ. ಟೆಟ್ರಾಸೈಕ್ಲಿನ್, ಸಲ್ಫಾ, ಆಂಪಿಸಿಲಿನ್ ಜೀನ್‌ಗಳು ಎಷ್ಟೋ ಸಲ ಒಂದೇ ಪ್ಲಾಸ್ಮಿಡ್‌ನಲ್ಲಿ ಕೂತಿರುತ್ತವೆ. ನೀವು ಸಲ್ಫಾ ಕೊಟ್ಟರೂ ಆ ಬಂಡಿಯಲ್ಲಿರುವ ಟೆಟ್ರಾಸೈಕ್ಲಿನ್ ಜೀನ್‌ಗೆ ಪುಕ್ಕಟೆ ಸವಾರಿ. ಮೇವಿನಲ್ಲಿ ಸೇರುವ ಹೆಚ್ಚಿನ ಪ್ರಮಾಣದ ಸತು, ತಾಮ್ರವೂ ಇದೇ ಕೆಲಸ ಮಾಡಬಲ್ಲವು.

ಡೆನ್ಮಾರ್ಕಿನ ಹಂದಿಗಳು ಇದಕ್ಕೆ ಒಳ್ಳೆಯ ಪಾಠ. ಅಲ್ಲಿ 1995ರಲ್ಲಿ ಮೇವಿಗೆ ಬೆರೆಸುತ್ತಿದ್ದ ಅವೊಪಾರ್ಸಿನ್ ನಿಷೇಧವಾಯಿತು, ಅದೇ ವರ್ಷ ಡ್ಯಾನ್‌ಮ್ಯಾಪ್ ಎಂಬ ಕಣ್ಗಾವಲು ಶುರುವಾಯಿತು. ಕೋಳಿಗಳಲ್ಲಿ ವ್ಯಾಂಕೊಮೈಸಿನ್ ನಿರೋಧಕ ಎಂಟೆರೊಕಾಕಸ್ ಇಳಿಯಿತು, ಹಂದಿಗಳಲ್ಲಿ ಮಾತ್ರ ಅಲ್ಲಾಡಲಿಲ್ಲ. ಕಾರಣ ಹುಡುಕಿದಾಗ ಆ ಜೀನೂ ಮ್ಯಾಕ್ರೊಲೈಡ್ ನಿರೋಧದ ಜೀನೂ ಒಂದೇ ಪ್ಲಾಸ್ಮಿಡ್ ಮೇಲಿದ್ದದ್ದು ಗೊತ್ತಾಯಿತು. ಹಂದಿಗಳಿಗೆ ಟೈಲೋಸಿನ್ ಎಂಬ ಮ್ಯಾಕ್ರೊಲೈಡ್ ಇನ್ನೂ ಕೊಡುತ್ತಿದ್ದರು. 1998ರಲ್ಲಿ ಅದರ ಬಳಕೆ ಇಳಿದ ಮೇಲೆ ಹಂದಿಗಳಲ್ಲೂ ಇಳಿಯತೊಡಗಿತು.

ಇನ್ನೊಂದು ದಾರಿ ಮರಿಗಳು. ನೀವು ಏನೂ ಕೊಡದಿದ್ದರೂ ಹ್ಯಾಚರಿಯಲ್ಲಿ ಕೊಟ್ಟಿದ್ದರೆ? ಕೆನಡಾದ ಕ್ವಿಬೆಕ್‌ನಲ್ಲಿ ಮೊಟ್ಟೆಯೊಳಗೇ ಸೆಫ್ಟಿಯೊಫರ್ ಚುಚ್ಚುತ್ತಿದ್ದರು. 2005ರಲ್ಲಿ ಹ್ಯಾಚರಿಗಳು ತಾವಾಗಿ ನಿಲ್ಲಿಸಿದಾಗ ಅಂಗಡಿಯ ಕೋಳಿಮಾಂಸದಲ್ಲೂ ಮನುಷ್ಯರಲ್ಲೂ ಆ ಔಷಧಕ್ಕೆ ಬಗ್ಗದ ಸಾಲ್ಮೊನೆಲ್ಲಾ ಹೈಡಲ್‌ಬರ್ಗ್ ತೀವ್ರವಾಗಿ ಇಳಿಯಿತು. 2007ರಲ್ಲಿ ಅಲ್ಪಸ್ವಲ್ಪ ಮತ್ತೆ ಶುರುಮಾಡಿದಾಗ ಮತ್ತೆ ಏರತೊಡಗಿತು. ಕಣ್ಗಾವಲಿನ ಸಾಲು ಇಲ್ಲದಿದ್ದರೆ ಈ ಏರಿಳಿತ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನೀವು ಮಾಡಬೇಕಾದ್ದು ಇಷ್ಟು: ಮರಿ ಕೊಡುವವರಿಂದ ಹ್ಯಾಚರಿಯಲ್ಲಿ ಕೊಟ್ಟ ಔಷಧದ ವಿವರ ಬರಹದಲ್ಲಿ ಕೇಳಿ, ಬ್ಯಾಚ್ ಹೋದ ಮೇಲೆ ಹಳೆಯ ಹಾಸು ಪೂರ್ತಿ ತೆಗೆಯಿರಿ, ನೀರಿನ ಕೊಳವೆಯೊಳಗಿನ ಪಾಚಿಯಂಥ ಲೋಳೆ ತೊಳೆದ ಮೇಲೆಯೇ ಸೋಂಕುನಿವಾರಕ ಹಾಕಿ, ಶೆಡ್ ಒಣಗಲು ದಿನಗಳನ್ನು ಬಿಡಿ. ಲೋಳೆಯ ಮೇಲೆ ಹಾಕಿದ ಸೋಂಕುನಿವಾರಕ ಲೋಳೆಯಲ್ಲೇ ಮುಗಿದುಹೋಗುತ್ತದೆ.

ಪ್ರಶ್ನೆ: ನಮ್ಮ ಹಾಲು ಆಂಟಿಬಯಾಟಿಕ್ ಶೇಷದ ಪರೀಕ್ಷೆಯಲ್ಲಿ ಪ್ರತಿ ಸಲ ಪಾಸಾಗುತ್ತದೆ. ಕೊಟ್ಟಿಗೆಯಲ್ಲಿ ನಿರೋಧಕತೆ ಇಲ್ಲ ಎನ್ನಬಹುದೇ? — ಹೈನುಗಾರ್ತಿ

ಉತ್ತರ: ಇಲ್ಲ. ಆ ಪರೀಕ್ಷೆ ಔಷಧವನ್ನು ಹುಡುಕುತ್ತದೆ, ಬ್ಯಾಕ್ಟೀರಿಯಾವನ್ನಲ್ಲ. ಔಷಧ ಮೈಯಿಂದ ಹೋದ ಮೇಲೂ ಅದು ಆರಿಸಿಟ್ಟ ಬ್ಯಾಕ್ಟೀರಿಯಾ ಸಗಣಿಯಲ್ಲಿ ಉಳಿಯುತ್ತದೆ. ಚಿಕಿತ್ಸೆಯ ಅವಧಿಯ ಹಾಲನ್ನು ಮಾರುವಂತಿಲ್ಲ ಎಂದು ಕರುಗಳಿಗೆ ಕುಡಿಸುವ ರೂಢಿಯಿದ್ದರೆ ಬಿಡಿ. ಎಳೆಗರುವಿನ ಕರುಳಿಗೆ ಸಣ್ಣ ಪ್ರಮಾಣದ ಔಷಧ ದಿನವೂ ಇಳಿಯುವುದು ನಿರೋಧಕ ತಳಿಗಳಿಗೆ ಹೇಳಿ ಮಾಡಿಸಿದ ಹೊಲ.

ಪ್ರಶ್ನೆ: ನಮ್ಮ ಪ್ರದೇಶದಲ್ಲಿ ಔಷಧ ಬಳಕೆಯ ತೂಕ ಅರ್ಧಕ್ಕೆ ಇಳಿದಿದೆ. ನಿರೋಧಕತೆ ಮಾತ್ರ ಇಳಿದಿಲ್ಲ. — ಔಷಧ ಲೆಕ್ಕ ನೋಡುವವರು

ಉತ್ತರ: ಯಾವ ಔಷಧದ ತೂಕ? ಒಂದು ಲೆಕ್ಕ ನೋಡಿ. ಬ್ರಾಯ್ಲರ್ ಒಂದಕ್ಕೆ ಪ್ರಮಾಣಿತ ತೂಕ 1 ಕಿಲೋ ಎಂದು ಹಿಡಿಯುತ್ತಾರೆ, ಹಾಲಿನ ಹಸುವಿಗೆ 425, ವಧೆಗೆ ಹೋಗುವ ಹಂದಿಗೆ 65. ಎರಡು ಲಕ್ಷ ಬ್ರಾಯ್ಲರ್‌ಗಳಿಗೆ ವರ್ಷದಲ್ಲಿ 10 ಕಿಲೋ ಡಾಕ್ಸಿಸೈಕ್ಲಿನ್ ಖರ್ಚಾದರೆ ಕಿಲೋ ತೂಕಕ್ಕೆ 50 ಮಿ.ಗ್ರಾಂ. ಅದರ ದಿನದ ಡೋಸ್ ಕಿಲೋಗೆ 20 ಮಿ.ಗ್ರಾಂ. ಅದನ್ನು ಬಿಟ್ಟು ಅಷ್ಟೇ ದಿನ ಎನ್ರೊಫ್ಲಾಕ್ಸಾಸಿನ್ ಕೊಟ್ಟರೆ ಡೋಸ್ 10 ಮಿ.ಗ್ರಾಂ, ವರ್ಷದ ಲೆಕ್ಕ 25ಕ್ಕೆ ಇಳಿಯುತ್ತದೆ. ಚಿಕಿತ್ಸೆ ಪಡೆದ ಕೋಳಿಗಳೂ ದಿನಗಳೂ ಅಷ್ಟೇ, ಬಳಸಿದ್ದು ಮಾತ್ರ ಮನುಷ್ಯರ ಚಿಕಿತ್ಸೆಗೆ ಹೆಚ್ಚು ಬೇಕಾದ ಗುಂಪಿನ ಔಷಧ. ಕಾಗದದಲ್ಲಿ ಅರ್ಧ ಇಳಿಕೆ, ಕರುಳಿನಲ್ಲಿ ಹೊಸ ತಲೆನೋವು. ಒಟ್ಟು ತೂಕದ ಪಕ್ಕದಲ್ಲಿ ಗುಂಪುವಾರು ತೂಕವೂ, ಚಿಕಿತ್ಸೆಯ ದಿನಗಳ ಲೆಕ್ಕವೂ ಇರಲೇಬೇಕು.

ತೂಕ ಹಾಕುವಾಗ ಲವಣದ ತೂಕವನ್ನೂ ಔಷಧದ ತೂಕವನ್ನೂ ಕಲಸಬೇಡಿ. 115 ಮಿ.ಗ್ರಾಂ ಡಾಕ್ಸಿಸೈಕ್ಲಿನ್ ಹೈಕ್ಲೇಟ್‌ನಲ್ಲಿ ಔಷಧ 100 ಮಿ.ಗ್ರಾಂ ಮಾತ್ರ. ಕೊಲಿಸ್ಟಿನ್, ಪೆನಿಸಿಲಿನ್‌ಗಳನ್ನು ಅಂತರರಾಷ್ಟ್ರೀಯ ಯೂನಿಟ್‌ನಲ್ಲಿ ಬರೆದಿದ್ದರೆ ಮಿ.ಗ್ರಾಂಗೆ ಇಳಿಸಿಯೇ ಕೂಡಿಸಿ.

ಪ್ರಶ್ನೆ: ಫಲಿತಾಂಶವನ್ನು ಎಸ್ (ಸಂವೇದನಶೀಲ), ಐ (ನಡುವಿನದು), ಆರ್ (ನಿರೋಧಕ) ಎಂದು ದಾಖಲಿಸುತ್ತಿದ್ದೇವೆ. ಸಾಕಲ್ಲವೇ? — ಪ್ರಯೋಗಾಲಯದ ದಾಖಲೆ ಸಹಾಯಕರು

ಉತ್ತರ: ಸಾಲದು. 2019ರಲ್ಲಿ ಸಿಎಲ್‌ಎಸ್‌ಐ ಇ. ಕೋಲೈಗೆ ಸಿಪ್ರೊಫ್ಲಾಕ್ಸಾಸಿನ್‌ನ ಸಂವೇದನಶೀಲ ಮಿತಿಯನ್ನು 1ರಿಂದ 0.25ಕ್ಕೆ ಇಳಿಸಿತು. ಅಂದು ಎಂಐಸಿ ಸಂಖ್ಯೆ ಬರೆದಿಟ್ಟವರು ಹಳೆಯ ವರ್ಷಗಳನ್ನೆಲ್ಲ ಹೊಸ ಗೆರೆಗೆ ಮತ್ತೆ ಎಣಿಸಿಕೊಂಡರು. ಎಸ್ ಎಂಬ ಅಕ್ಷರ ಮಾತ್ರ ಬರೆದವರ ಬಳಿ ಎಣಿಸಲು ಏನೂ ಇರಲಿಲ್ಲ. ವಲಯವನ್ನು ಮಿ.ಮೀ.ನಲ್ಲಿ, ಎಂಐಸಿಯನ್ನು ಸಂಖ್ಯೆಯಲ್ಲಿ, ಡಿಸ್ಕಿನ ಪ್ರಮಾಣ ಮತ್ತು ಯಾವ ಪದ್ಧತಿ ಎಂಬುದರ ಜೊತೆ ಬರೆಯಿರಿ. ವೋನೆಟ್ ಎಂಬ ತಂತ್ರಾಂಶ ಉಚಿತ, ಗೆರೆ ಎಳೆಯುವ ಕೆಲಸ ಅದೇ ಮಾಡಿಕೊಳ್ಳುತ್ತದೆ. ಪ್ರತಿ ಐಸೊಲೇಟನ್ನು ಗ್ಲಿಸರಾಲ್ ಬೆರೆಸಿದ ಬ್ರಾತಿನಲ್ಲಿ ಎರಡು ಸೀಸೆ ಮಾಡಿ −80 ಡಿಗ್ರಿಯಲ್ಲಿ ಇಡಿ, ಎರಡೂ ಒಂದೇ ಫ್ರೀಜರಿನಲ್ಲಿ ಬೇಡ. ಸೀಸೆಯ ಮೇಲೆ ಸಾಮಾನ್ಯ ಪೆನ್ನಿನಿಂದ ಬರೆದ ಸಂಖ್ಯೆ ಚಳಿಗೆ ಅಳಿಸಿಹೋಗುತ್ತದೆ, ಕ್ರಯೊ ಲೇಬಲ್ ಬಳಸಿ, ಅದೇ ಸಂಖ್ಯೆಯನ್ನು ಮುಚ್ಚಳದ ಮೇಲೂ ಬರೆಯಿರಿ.